ತೆಗೆದದ್ದು: ಒಂದು ಕುರ್ಚಿ, ಎರಡು ಬಾಟಲಿ, ಒಬ್ಬ ಹೆಂಗಸು

ಎರಡು ವರ್ಷದ ಹಿಂದಿನ ಜುಲೈ. ಮೂಡಿಗೆರೆಯಲ್ಲಿ ಮದುವೆ ಆಲ್ಬಮ್ ಡಿಸೈನ್ ಮಾಡುವ ನನ್ನ ಅಂಗಡಿಗೆ ಅದು ನಾಲ್ಕನೇ ಮಳೆಗಾಲ. ಫೋಟೋ ತೆಗೆಯುವವರು ಬೇರೆ. ಅವರು ತಂದ ಚಿತ್ರಗಳನ್ನು ತಿದ್ದಿ, ಜೋಡಿಸಿ, ಪುಟ ಮಾಡಿ ಪ್ರಿಂಟಿಗೆ ಕಳಿಸುವುದು ನನ್ನ ಕೆಲಸ. ಪ್ರತಿ ಆಲ್ಬಮ್ಮಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಡುತ್ತೇನೆ: ಹಿಡಿದ ದಿನ, ಮುಗಿಸಿದ ದಿನ, ಎಷ್ಟು ಗಂಟೆ, ಏನು ಸೇರಿಸಿದೆ, ಏನು ತೆಗೆದೆ.

ನಾನು ಬಳಸುವ ಸಾಫ್ಟ್‌ವೇರ್ ಚಂದಾದ್ದು. ತಿಂಗಳು ತಿಂಗಳು ಕಟ್ಟಿದರೆ ತೆರೆಯುತ್ತದೆ, ನಿಲ್ಲಿಸಿದರೆ ಮುಚ್ಚಿಕೊಳ್ಳುತ್ತದೆ. ನಮ್ಮ ಕಡೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮದುವೆಗಳೇ ಇಲ್ಲ. ಹಾಗಾಗಿ ಮೇ ಕೊನೆಗೆ ಚಂದಾ ನಿಲ್ಲಿಸಿ, ದೀಪಾವಳಿ ಹೊತ್ತಿಗೆ ಮತ್ತೆ ಶುರುಮಾಡುವುದು ನನ್ನ ಪದ್ಧತಿ. ಮಳೆಗಾಲದಲ್ಲಿ ಕಾಫಿ ಒಣಗಿಸಲು ಯಾರೂ ಕಣ ಬಾಡಿಗೆಗೆ ಹಿಡಿಯುವುದಿಲ್ಲವಲ್ಲ, ಹಾಗೆ. ಇದು ಜಾಣತನವೆಂದು ನಂಬಿದ್ದೆ.

ಆಲ್ದೂರಿನಲ್ಲಿ ಸ್ಟುಡಿಯೋ ಇಟ್ಟಿರುವ ರಾಜಶೇಖರಣ್ಣ ಮಾತ್ರ ಒಪ್ಪುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದವರು ಅವರೇ. ಹದಿನಾರು ವರ್ಷದ ಹಿಂದೆ ಡಬ್ಬಿಯಲ್ಲಿ ಬಂದ ಸಿ.ಡಿ.ಯನ್ನು ಒಂದೇ ಸಲ ದುಡ್ಡು ಕೊಟ್ಟು ಕೊಂಡು, ಇವತ್ತಿಗೂ ಅದರಲ್ಲೇ ಕೆಲಸ ಮಾಡುತ್ತಾರೆ.

"ನಿನ್ನದು ಲಾಡ್ಜ್ ರೂಮಿನ ಸಂಸಾರ ಮಾರಾಯ್ತಿ," ಎನ್ನುತ್ತಿದ್ದರು. "ಬೆಳಿಗ್ಗೆ ಬಂದು ಬಾಗಿಲು ಬಡೀತಾರೆ."

"ನಿಮ್ಮದು ಸ್ವಂತ ಮನೆ ಅಣ್ಣ, ಒಪ್ಪಿದೆ. ಹೆಂಚು ಬದಲಾಯಿಸಿ ಎಷ್ಟು ವರ್ಷ ಆಯ್ತು?" ಎಂದು ನಾನೂ ಬಿಡುತ್ತಿರಲಿಲ್ಲ.

ಜುಲೈ 18, ಬೆಳಿಗ್ಗೆ 11.20. ಹಿಂದಿನ ಸಂಜೆಯೇ ಮರ ಬಿದ್ದು ಮೂಡಿಗೆರೆಯಲ್ಲಿ ಕರೆಂಟ್ ಹೋಗಿತ್ತು. ಫೋನಿನಲ್ಲಿ ಸಿಗ್ನಲ್ಲೂ ಇಲ್ಲ. ಬಾಳೂರಿನ ಎಸ್ಟೇಟ್ ಒಂದರಲ್ಲಿ ಕೆಲಸ ಮಾಡುವ ಸುಮಿತ್ರಾ ಜೀಪಿನಿಂದಿಳಿದು ನೆನೆದ ಸೀರೆಯಲ್ಲೇ ಒಳಗೆ ಬಂದಳು. ಅವಳ ತಾಯಿ ಚೆಲುವಮ್ಮ ಬೆಳಿಗ್ಗೆ ಆರರಿಂದ ಕಾಣುತ್ತಿಲ್ಲ. ಅರವತ್ತೆಂಟು ವರ್ಷ. ಒಂದು ವರ್ಷದಿಂದ ಮರೆವು. ಎಸ್ಟೇಟಿನ ಗಂಡಸರೆಲ್ಲ ಮೇಲಿನ ಕಾಡಂಚಿನಲ್ಲಿ ಹುಡುಕುತ್ತಿದ್ದರು. ಆ ವಾರ ಅಲ್ಲಿ ಮೂರು ಆನೆ ಇಳಿದಿದ್ದವು, ಹಳ್ಳವೂ ತುಂಬಿ ಹರಿಯುತ್ತಿತ್ತು.

"ಸ್ಟೇಷನ್ನಲ್ಲಿ ಫೋಟೋ ಕೇಳ್ತಾರೆ ಅಕ್ಕ. ಆಧಾರ್ ಕಾರ್ಡ್ ಅಮ್ಮನ ಎಲೆಅಡಿಕೆ ಚೀಲದಲ್ಲೇ ಹೋಗಿದೆ. ಮನೇಲಿರೋ ಝೆರಾಕ್ಸಲ್ಲಿ ಮುಖ ಬರೀ ಮಸಿ. ನನ್ನ ಫೋನು ಹೋದ ಮಳೇಲಿ ನೀರಿಗೆ ಬಿದ್ದಿತ್ತು, ಅದರಲ್ಲಿದ್ದದ್ದೆಲ್ಲ ಹೋಯ್ತು. ದೀಪ್ತಿ ಅಕ್ಕಾವ್ರ ಮದುವೇಲಿ ಅಮ್ಮ ಸ್ಟೇಜ್ ಮೇಲೆ ನಿಂತಿದ್ಲು. ಎಸ್ಟೇಟ್ ಅಮ್ಮಾವ್ರು ಆಲ್ಬಮ್ ಪೂರ್ತಿ ನೋಡಿದ್ರು, ಅದರಲ್ಲಿಲ್ಲ. ನಿಮ್ಮ ಹತ್ರ ಇರ್ಬೋದು ಅಂತ ಕಳ್ಸಿದ್ರು."

ದೀಪ್ತಿ ಆ ಎಸ್ಟೇಟಿನ ಮಾಲೀಕರ ಮಗಳು. ಅವಳನ್ನು ಎತ್ತಿ ಆಡಿಸಿದವರು ಚೆಲುವಮ್ಮ. ನಾನು ನೋಟ್‌ಬುಕ್ ತೆಗೆದು ಆ ಆಲ್ಬಮ್ಮಿನ ಪುಟ ನೋಡಿದೆ. ನನ್ನದೇ ಅಕ್ಷರ: "ಪುಟ 22, 23. ತೆಗೆದದ್ದು: ಒಂದು ಪ್ಲಾಸ್ಟಿಕ್ ಕುರ್ಚಿ, ಎರಡು ನೀರಿನ ಬಾಟಲಿ, ಒಬ್ಬ ಹೆಂಗಸು."

ಯಾರೂ ಹಾಗೆ ಮಾಡಲು ಹೇಳಿರಲಿಲ್ಲ. ಚಿತ್ರ ಚೊಕ್ಕಟವಾಗಿ ಕಾಣಲೆಂದು ಅಂಚಿನಲ್ಲಿದ್ದದ್ದನ್ನೆಲ್ಲ ಒರೆಸುವುದು ನನ್ನ ಅಭ್ಯಾಸ. ಸುಮಿತ್ರಾಗೆ ಕಾಣದಂತೆ ನೋಟ್‌ಬುಕ್ ಮುಚ್ಚಿಟ್ಟೆ.

ಇಲ್ಲಿ ಕಸುಬಿನ ಒಂದು ಸಂಗತಿ ಹೇಳಬೇಕು. ಆಲ್ಬಮ್ ಒಪ್ಪಿಸಿದ ಮೇಲೆ ಫೋಟೋಗ್ರಾಫರ್ ತನ್ನ ಕ್ಯಾಮೆರಾ ಕಾರ್ಡ್ ಖಾಲಿ ಮಾಡಿ ಮುಂದಿನ ಮದುವೆಗೆ ಹೋಗುತ್ತಾನೆ. ನಾನೂ ಜಾಗ ಉಳಿಸಲು ಮೂಲ ಚಿತ್ರಗಳನ್ನೆಲ್ಲ ಅಳಿಸಿ, ಪ್ರಾಜೆಕ್ಟ್ ಫೈಲ್ ಒಂದನ್ನೇ ಇಟ್ಟುಕೊಳ್ಳುತ್ತಿದ್ದೆ. ಅದರಲ್ಲಿ ಚಿತ್ರ ಪದರಪದರವಾಗಿ ಇರುತ್ತದೆ. ಅದನ್ನು ಲೇಯರ್ ಎನ್ನುತ್ತೇವೆ. ತೆಗೆದದ್ದು ನಿಜವಾಗಿ ಹೋಗಿರುವುದಿಲ್ಲ, ಕೆಳಗಿನ ಲೇಯರಿನಲ್ಲಿ ಅಡಗಿರುತ್ತದೆ. ಚೆಲುವಮ್ಮನ ಮುಖ ಈಗ ಉಳಿದಿದ್ದರೆ ಅಲ್ಲಿ ಮಾತ್ರ.

ಲ್ಯಾಪ್‌ಟಾಪಿನಲ್ಲಿ ಅರ್ಧ ಚಾರ್ಜ್ ಇತ್ತು. ಫೈಲ್ ಒತ್ತಿದೆ. "ನಿಮ್ಮ ಚಂದಾ ಮುಗಿದಿದೆ" ಎಂಬ ಸೂಚನೆ ಬಂತು. ಮತ್ತೆ ಕಟ್ಟಲು ನೆಟ್ ಬೇಕು, ಬ್ಯಾಂಕಿನ ಒಟಿಪಿ ಬರಲು ಸಿಗ್ನಲ್ ಬೇಕು. ಎರಡೂ ಇಲ್ಲ. ಫೈಲಿನ ಹೊರಗೆ ಕಾಣುವ ಚಿಕ್ಕ ಚಿತ್ರವನ್ನು ದಿಟ್ಟಿಸಿದೆ. ಅದರಲ್ಲಿ ಮದುಮಗಳ ಪಕ್ಕ ನಾನು ಹಚ್ಚಿದ ಹೂವಿನ ಗೋಡೆ ಮಾತ್ರ ಇತ್ತು.

12.10ರ ಬಸ್ಸಿಗೆ ಲ್ಯಾಪ್‌ಟಾಪನ್ನೂ ಹಾರ್ಡ್‌ಡಿಸ್ಕನ್ನೂ ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಇಬ್ಬರೂ ಆಲ್ದೂರಿಗೆ ಹೊರಟೆವು. ರಾಜಶೇಖರಣ್ಣನ ಹತ್ತಿರ ಜನರೇಟರ್ ಇದೆ, ಚಂದಾ ಕೇಳದ ಸಾಫ್ಟ್‌ವೇರ್ ಇದೆ. ದಾರಿಯುದ್ದಕ್ಕೂ ಸುಮಿತ್ರಾ ಕಿಟಕಿಯ ಗಾಜು ಒರೆಸಿ ತೋಟದೊಳಗೆ ನೋಡುತ್ತಿದ್ದಳು. ಒಮ್ಮೆ ಮಾತ್ರ ಮಾತಾಡಿದಳು. "ಆನೆ ಕಂಡ್ರೆ ಓಡ್ಬೇಕು ಅನ್ನೋದು ನೆನಪಿರುತ್ತಾ ಅಕ್ಕ, ಅವಳಿಗೆ?"

ರಾಜಶೇಖರಣ್ಣ ವಿಷಯ ಕೇಳಿ ಒಂದೂ ಚುಚ್ಚುಮಾತು ಆಡದೆ ಹಾರ್ಡ್‌ಡಿಸ್ಕ್ ತೆಗೆದುಕೊಂಡರು. ಫೈಲ್ ತೆರೆಯಲಿಲ್ಲ. ಹೊಸ ಆವೃತ್ತಿಯಲ್ಲಿ ಮಾಡಿದ್ದನ್ನು ಅವರ ಹಳೆಯ ಸಾಫ್ಟ್‌ವೇರ್ ಓದುವುದಿಲ್ಲ. ಹೆಸರು ಬದಲಾಯಿಸಿ ನೋಡಿದರು, ಬೇರೆ ದಾರಿಯಿಂದ ನೋಡಿದರು. 1.45ಕ್ಕೆ ಕುರ್ಚಿ ಹಿಂದೆ ತಳ್ಳಿ, ತಲೆ ಎತ್ತದೆ, "ನನ್ನ ಕೈಲಾಗಲ್ಲ ಮಾರಾಯ್ತಿ" ಎಂದರು. ಅವರ ಬಾಯಲ್ಲಿ ಆ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಸ್ಟುಡಿಯೋದ ಮಹಡಿ ಮೆಟ್ಟಿಲಿನ ತುದಿಯಲ್ಲಿ ಮಾತ್ರ ಒಂದು ಗೆರೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ಕೂತು ಅವರ ಫೋನಿನ ನೆಟ್ಟಿನಲ್ಲಿ ಹಣ ಕಟ್ಟಲು ನೋಡಿದೆ. ಮೊದಲ ಒಟಿಪಿ ಬಂದಾಗ ಅದರ ಅವಧಿ ಮುಗಿದಿತ್ತು. ಎರಡನೆಯದು ಬರಲೇ ಇಲ್ಲ. ಮೂರನೆಯದರಲ್ಲಿ ಪುಟವೇ ಮುಚ್ಚಿಹೋಯಿತು. ಹೊರಗೆ ಎರಡೂವರೆಗೇ ಸಂಜೆಯಂತೆ ಕತ್ತಲು. ಕೆಳಗೆ ಸುಮಿತ್ರಾ ಬಾಗಿಲ ಬಳಿ ನಿಂತು, ಹೋಗಿ ಬರುವ ಜೀಪುಗಳನ್ನೆಲ್ಲ ನಿಲ್ಲಿಸಿ ಬಾಳೂರಿನ ಕಡೆಯ ಸುದ್ದಿ ಕೇಳುತ್ತಿದ್ದಳು. ಪ್ರತಿ ಜೀಪು ನಿಂತಾಗಲೂ, ಅವಳ ಕೂಗು ಕೇಳಿಬಂದೀತೆಂದು ಫೋನಿನಿಂದ ತಲೆ ಎತ್ತಿ ಕಿವಿಗೊಡುತ್ತಿದ್ದೆ. ಐದನೇ ಸಲ, 3.20ಕ್ಕೆ, ಹಣ ಹೋಯಿತು. "ಪರಿಶೀಲಿಸಲಾಗುತ್ತಿದೆ" ಎಂದು ಒಂದು ಚಕ್ರ ಐದು ನಿಮಿಷ ತಿರುಗಿತು. ಲ್ಯಾಪ್‌ಟಾಪಿನ ಬ್ಯಾಟರಿ ಶೇಕಡಾ ಒಂಬತ್ತು.

ಫೈಲ್ ತೆರೆಯಿತು. ಲ್ಯಾಪ್‌ಟಾಪನ್ನು ಕೆಳಗೆ ತಂದು ಜನರೇಟರಿನ ಕರೆಂಟಿಗೆ ಹಾಕಿದೆ. ಸುಮಿತ್ರಾ ಬೆನ್ನ ಹಿಂದೆ ಬಂದು ನಿಂತಳು. ಹೂವಿನ ಗೋಡೆಯ ಲೇಯರನ್ನು ಮರೆಮಾಡಿದೆ. ಕುರ್ಚಿ ಬಂತು. ಬಾಟಲಿಗಳು ಬಂದವು. ಅವುಗಳ ಪಕ್ಕದಲ್ಲಿ ಚೆಲುವಮ್ಮ ನಗುತ್ತಾ ನಿಂತಿದ್ದರು, ಎರಡೂ ಕೈಯಲ್ಲಿ ಮದುಮಗಳ ಚಪ್ಪಲಿ ಎದೆಗೊತ್ತಿ ಹಿಡಿದುಕೊಂಡು.

"ಇದ್ದಾಳಲ್ಲ," ಎಂದಳು ಸುಮಿತ್ರಾ. "ಮತ್ತೆ ಆಲ್ಬಮ್ಮಲ್ಲಿ ಯಾಕಿಲ್ಲ?"

"ನಾನೇ ತೆಗೆದೆ."

ಅವಳು ನನ್ನ ಮುಖ ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು. "ಮೊದಲು ಪ್ರಿಂಟ್ ಹಾಕಿ ಅಕ್ಕ," ಎಂದಳು.

ಮುಖವನ್ನು ಸಾಧಾರಣ ಚಿತ್ರವಾಗಿ ಉಳಿಸಿಕೊಟ್ಟೆ. ಅದನ್ನು ರಾಜಶೇಖರಣ್ಣನ ಹಳೆಯ ಸಾಫ್ಟ್‌ವೇರ್ ತಕರಾರಿಲ್ಲದೆ ತೆರೆಯಿತು. ಹತ್ತು ನಿಮಿಷದಲ್ಲಿ "ಕಾಣೆಯಾಗಿದ್ದಾರೆ" ಎಂದು ಬರೆದು ಮೂವತ್ತು ಪ್ರತಿ ತೆಗೆದರು. 4.05ಕ್ಕೆ ಚಿಕ್ಕಮಗಳೂರಿನಿಂದ ವಾಪಸು ಬರುತ್ತಿದ್ದ ಕಳಸದ ಬಸ್ ನಿಂತಾಗ ಮೊದಲ ಪ್ರತಿಯನ್ನು ಕಂಡಕ್ಟರ್ ಕೈಗೆ ಕೊಟ್ಟೆ. ಅವನು ಕಾಗದ ಹಿಡಿದವನೇ ಅಂದ:

"ಈ ಅಜ್ಜಿ ಬೆಳಿಗ್ಗೆ ನಮ್ಮ ಗಾಡೀಲೇ ಬಂದ್ರಲ್ಲ. ಬಾಳೂರಲ್ಲಿ ಹತ್ತಿ ವಸ್ತಾರೆಗೆ ಟಿಕೆಟ್ ತಗೊಂಡ್ರು. ಕೈಲೊಂದು ಜೊತೆ ಚಪ್ಪಲಿ, ಕಾಲಲ್ಲಿ ಏನಿಲ್ಲ. ಹಾಕ್ಕೊಳಿ ಅಜ್ಜಿ ಅಂದೆ, ಇದು ನಂದಲ್ಲ ಅಂದ್ರು."

ವಸ್ತಾರೆ ದೀಪ್ತಿಯನ್ನು ಕೊಟ್ಟ ಊರು. ಎಲ್ಲರೂ ಕಾಡು ಹುಡುಕುತ್ತಿದ್ದರೆ, ಚೆಲುವಮ್ಮ ತಾನು ಸಾಕಿದ ಹುಡುಗಿಗೆ ಚಪ್ಪಲಿ ಕೊಡಲು ಅದಕ್ಕೆ ಪೂರ್ತಿ ಉಲ್ಟಾ ದಿಕ್ಕಿಗೆ ಹೊರಟಿದ್ದರು.

ರಾಜಶೇಖರಣ್ಣನ ಕಾರಿನಲ್ಲಿ ಹೋದೆವು. 5.15ಕ್ಕೆ, ದೀಪ್ತಿಯ ಮನೆಗೆ ತಿರುಗುವ ಮಣ್ಣುರಸ್ತೆಯನ್ನೂ ದಾಟಿ ಒಂದು ಮೈಲಿ ಮುಂದೆ, ಪಾಳುಬಿದ್ದ ಪಂಪ್‌ಶೆಡ್ಡಿನ ಗೋಡೆಗೆ ಒರಗಿ ಕೂತಿದ್ದ ಚೆಲುವಮ್ಮ ಸಿಕ್ಕರು. ತುಟಿ ನೀಲಿ, ಮಾತಿಲ್ಲ. ಸುಮಿತ್ರಾ ಅಮ್ಮಾ ಎಂದು ಕರೆದಾಗ ರೆಪ್ಪೆ ಮಾತ್ರ ಅಲುಗಿತು. ಚಪ್ಪಲಿಯನ್ನು ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ನಮಗೆ ಹೇಳಿದ್ದು ಇಷ್ಟು: "ಕತ್ತಲಾಗೋ ಮುಂಚೆ ತಂದ್ರಿ, ಬದುಕಿದ್ರು." ನಾಲ್ಕು ದಿನ ಇದ್ದು ಬಾಳೂರಿಗೆ ಮರಳಿದರು.

ಬಾಡಿಗೆ ಒಳ್ಳೆಯದೋ ಸ್ವಂತ ಒಳ್ಳೆಯದೋ ಎಂಬ ವಾದ ಆಮೇಲೆ ನಮ್ಮಿಬ್ಬರ ನಡುವೆ ಮೊದಲಿನ ಜೋರಿನಲ್ಲಿ ನಡೆಯಲಿಲ್ಲ. ನನ್ನದು ಕಟ್ಟದಿದ್ದರೆ ತೆರೆಯುವುದಿಲ್ಲ, ಅವರದು ಹೊಸದನ್ನು ಓದುವುದಿಲ್ಲ. ಜನರ ಮುಖ ಯಾವುದೇ ಸಾಫ್ಟ್‌ವೇರಿನ ಬೀಗದೊಳಗೆ ಮಾತ್ರ ಉಳಿಯಬಾರದು, ಎಲ್ಲಿ ಬೇಕಾದರೂ ತೆರೆಯುವ ಚಿತ್ರವಾಗಿಯೂ ಕಾಗದದ ಮೇಲೂ ಇರಬೇಕು. ಆ ದಿನದ ಕೆಲಸ ನನಗೆ ಕಲಿಸಿದ್ದು ಇದು. ಇನ್ನೆಷ್ಟು ಜನರನ್ನು ಒರೆಸಿದ್ದೇನೋ ಎಂಬ ಭಯ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಕಟ್ಟಿದ ಚಂದಾ ಒಂದು ತಿಂಗಳಿಗಿತ್ತು. ನೋಟ್‌ಬುಕ್ ಹಿಡಿದು ಮೊದಲ ಪುಟದಿಂದ ಎಣಿಸಿದೆ. ನಾಲ್ಕು ವರ್ಷದಲ್ಲಿ ನಾನು ತೆಗೆದ ಜನ ಮೂವತ್ತೊಂದು. ಕೊಡೆ ಹಿಡಿದವರು, ತಟ್ಟೆ ಹಿಡಿದವರು, ಮಗು ಎತ್ತಿಕೊಂಡು ಬದಿಗೆ ನಿಂತವರು. ಹನ್ನೊಂದು ದಿನ ಕೂತು ಒಂದೊಂದೇ ಫೈಲ್ ತೆರೆದು, ಅವರನ್ನೆಲ್ಲ ಹೊರತೆಗೆದು, ಚಿಕ್ಕ ಪ್ರಿಂಟ್ ಹಾಕಿ ಒಂದು ಡಬ್ಬಿಯಲ್ಲಿಟ್ಟೆ. ಪ್ರತಿಯೊಂದರ ಹಿಂದೆಯೂ ಮದುವೆಯ ತಾರೀಕು ಮತ್ತು ಊರು ಬರೆದೆ.

ಹೆಸರು ಬರೆಯಲು ಆದದ್ದು ಒಂದರ ಹಿಂದೆ ಮಾತ್ರ.