ತೋಟದ ಊಟ

ನಲವತ್ತೈದು ದಾಟಿದ ಗಂಡಸರು ಕಾಲೇಜು ಗೆಳೆಯರ ಜೊತೆ ಸೇರಿದರೆ ಮೊದಲು ಎತ್ತುವುದು ಸಕ್ಕರೆ ಕಾಯಿಲೆಯ ಮಾತು. ಆಮೇಲೆ ಮಕ್ಕಳ ಮಾರ್ಕ್ಸು. ಆಮೇಲೆ ಯಾರು ಯಾರು ಸತ್ತರು ಅನ್ನುವುದು. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಹೊಸತರಲ್ಲಿ ನಾವು ನಾಲ್ವರು ಸೇರಿದಾಗಲೂ ಅದೇ ಆಯಿತು. ಗೌರಿಬಿದನೂರಿನಿಂದ ನಾನು, ಶಿಡ್ಲಘಟ್ಟದಿಂದ ರೇಷ್ಮೆ ನೂಲಿನ ವ್ಯಾಪಾರಿ, ಚಿಂತಾಮಣಿಯಿಂದ ಮೇಷ್ಟ್ರು. ಕರೆದವನು ಗೌಡ, ಅವನ ಊರು, ದ್ರಾಕ್ಷಿ ತೋಟ ಎಲ್ಲ ಮಂಡಿಕಲ್ ಹತ್ತಿರ. ಗೌಡ, ಮೇಷ್ಟ್ರು ಅನ್ನುವುದೆಲ್ಲ ನಮ್ಮನಮ್ಮಲ್ಲೇ ಕರೆದುಕೊಳ್ಳುವ ಹೆಸರು.

ಅವರೆಕಾಯಿ ಕಾಲದಲ್ಲಿ ಗೌಡ ನಮ್ಮನ್ನು ಕರೆಯುವುದು ವಾಡಿಕೆ. ಪ್ರತಿ ವರ್ಷ ಅಲ್ಲ, ಮನಸ್ಸು ಬಂದ ವರ್ಷ. ಊಟ ಯಾವಾಗಲೂ ತೋಟದಲ್ಲೇ. ಪಂಪ್‌ಹೌಸ್ ಪಕ್ಕ ಮೂರು ಕಲ್ಲು ಹೂಡಿ ಮುದ್ದೆ, ನಾಟಿ ಕೋಳಿ ಸಾರು, ಜೊತೆಗೆ ಹಿತಕಿದ ಬೇಳೆ. ತೋಟದ ಊಟದಲ್ಲಿ ಒಂದು ಅನುಕೂಲ ಇದೆ. ಅಲ್ಲಿ ಯಾರ ಪಕ್ಕ ಯಾರು ಕೂತು ಉಂಡರೂ ಯಾರ ಮನೆಯೂ ಮೈಲಿಗೆಯಾಗುವುದಿಲ್ಲ. ಮೇಷ್ಟ್ರು ಊರಾಚೆಯ ಕೇರಿಯಲ್ಲಿ ಹುಟ್ಟಿದವನು; ಈಗ ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡಿದ್ದಾನೆ. ನಾನೂ ವ್ಯಾಪಾರಿಯೂ ಗೌಡನ ಅಡುಗೆಮನೆವರೆಗೂ ಹೋಗಿ ಬಂದವರು. ಮೇಷ್ಟ್ರು ಮಾತ್ರ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. “ನಂದೇನಿಲ್ಲ ಕಣೋ, ಅಮ್ಮ ಒಪ್ಪಲ್ಲ, ಹಳೇ ಕಾಲದೋಳು” ಎಂದು ಗೌಡ ಕಾಲೇಜಿನ ದಿನಗಳಿಂದಲೂ ಹೇಳುತ್ತಿದ್ದ. ಮೇಷ್ಟ್ರಿಗೂ ಇದು ಗೊತ್ತಿತ್ತು. ಆ ಮುದುಕಿಯನ್ನು ನೆನೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಮಾಷೆ ಏನೆಂದರೆ, ಕಾಲೇಜಿನಲ್ಲಿ ಮೇಷ್ಟ್ರಿಗೆ ಅನ್ನ ಹಾಕಿದವಳೂ ಅವಳೇ. ಬೆಳಗಿನ ಬಸ್ಸಿನಲ್ಲಿ ಡ್ರೈವರ್ ಪಕ್ಕ ಇಟ್ಟು ಕಳಿಸುತ್ತಿದ್ದ ಕ್ಯಾರಿಯರ್‌ನಲ್ಲಿ ಮಗನಿಗೊಂದು, ಮಗನ ಗೆಳೆಯನಿಗೊಂದು ಮುದ್ದೆ ಇರುತ್ತಿತ್ತು. ಹಾಸ್ಟೆಲಿನ ನೀರು ಸಾರಿಗೆ ಹೊಟ್ಟೆ ಕೆಡಿಸಿಕೊಂಡಿದ್ದ ಹುಡುಗ ಡಿಗ್ರಿ ಮುಗಿಯುವವರೆಗೂ ಅದನ್ನೇ ಉಂಡ. ಕಳಿಸಿದವಳ ಮುಖ ಮಾತ್ರ ನೋಡಲಿಲ್ಲ.

ಆ ದಿನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ಗೌಡ ಬಾಯಿ ಬಿಟ್ಟ. ಅಮ್ಮನಿಗೆ ಕರುಳಿನ ಕ್ಯಾನ್ಸರ್, ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದು ಡಾಕ್ಟರು ಕೈ ಚೆಲ್ಲಿದ್ದಾರೆ. ಮೇಷ್ಟ್ರು ಬಾಯಲ್ಲಿದ್ದ ಎಲೆ ಉಗುಳಿ ಎದ್ದು ನಿಂತ.

“ಒಂದ್ಸಲ ನೋಡ್ಕೊಂಡ್ ಹೋಗ್ತೀನಿ ಕಣೋ. ಆಮೇಲೆ ಆಗುತ್ತೋ ಇಲ್ವೋ.”

“ಮಲಗವ್ಳೆ. ಈಗ ಬ್ಯಾಡ.”

“ಏಳೋವರ್ಗೂ ಕಾಯ್ತೀನಿ. ಕಿಟಕೀಲಿ ನೋಡಿದ್ರೂ ಆಯ್ತು ಬಿಡು.”

ಡಿಗ್ರಿ ಹುಡುಗರಿಗೆ ಪಾಠ ಹೇಳುವ ಮನುಷ್ಯ ಕಿಟಕಿಯಲ್ಲಿ ನೋಡುತ್ತೇನೆ ಅಂದದ್ದು ಕೇಳಿ ನನಗೆ ತಡೆಯಲಾಗಲಿಲ್ಲ. “ಸಾಯೋರ ಮುಂದೂ ಇದೆಲ್ಲಾ ಬೇಕೇನೋ ನಿಂಗೆ?” ಎಂದು ಗೌಡನ ಮೇಲೆ ರೇಗಿದೆ. ಅವನು ಹಲ್ಲಿಗೆ ಕಡ್ಡಿ ಹಾಕಿಕೊಂಡು ಯೋಚಿಸಿದ. ಕೊನೆಗೆ ಒಂದು ದಾರಿ ಹುಡುಕಿದ. ಅಮ್ಮನನ್ನೇ ಆಚೆಗೆ ತರೋಣ ಎಂದ.

ಮಟಮಟ ಮಧ್ಯಾಹ್ನ. ತೋಟದಿಂದ ಗೌಡನ ಮನೆಗೆ ಬಂದು, ಮೇಷ್ಟ್ರನ್ನು ಅಂಗಳದಲ್ಲಿ ನಿಲ್ಲಿಸಿ ನಾವು ಮೂವರು ಒಳಗೆ ಹೋದೆವು. ಮಂಚದ ನಾಲ್ಕನೆಯ ಮೂಲೆಯನ್ನು ಗೌಡನ ಹೆಂಡತಿ ಹಿಡಿದಳು. ನವಾರಿನ ಮಂಚವೇ ಹಗುರ, ಮೇಲೆ ಮಲಗಿದ್ದ ಆಯಮ್ಮ ಅದಕ್ಕಿಂತ ಹಗುರ. ಬಾಗಿಲಲ್ಲಿ ಮಂಚ ವಾರೆ ಮಾಡಿದಾಗ ನರಳಿದಳು. ಅಂಗಳದಲ್ಲಿ ನೆರಳಿರಲಿಲ್ಲ, ಬಿಸಿಲಲ್ಲೇ ಇಳಿಸಿದೆವು. ಗೌಡ ಅವಳ ಮುಖಕ್ಕೆ ಟವೆಲ್ ಅಡ್ಡ ಹಿಡಿದ. ಹೆಂಡತಿ ನೀರು ತರಲು ಒಳಗೆ ಹೋದಳು.

ಆಯಮ್ಮ ಕಣ್ಣು ಬಿಟ್ಟು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. “ಯಾಕಪ್ಪಾ ಆಚೆ ತಂದ್ರಿ? ಹೋಗ್ಬಿಟ್ನಾ ನಾನು?” ಎಂದಳು.

ಜೀವ ಇರುವವರನ್ನು ನಮ್ಮ ಕಡೆ ಹೀಗೆ ಅಂಗಳಕ್ಕೆ ತರುವುದಿಲ್ಲ. ಹೋದ ಮೇಲೆ ತರುತ್ತೇವೆ. ಮಂಚ ಎತ್ತುವಾಗ ಇದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೇಷ್ಟ್ರು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ. “ಇಲ್ಲಮ್ಮ, ಏನೂ ಆಗಿಲ್ಲ. ನಾನು ನಿಮ್ಮನ್ನ ನೋಡಕ್ಕೆ ಬಂದೆ. ಕಾಲೇಜಲ್ಲಿ ನಿಮ್ಮ ಮುದ್ದೆ ಉಂಡೋನು.”

ಆಯಮ್ಮ ಅವನ ಮುಖವನ್ನು ತುಂಬ ಹೊತ್ತು ನೋಡಿದಳು. “ಆ ಹುಡುಗನಾ? ಒಂದ್ಸಲಾನೂ ಬರ್ಲಿಲ್ವಲ್ಲ ನಾಯನಾ. ಮೊದ್ಲು ನಾನೇ ಬ್ಯಾಡ ಅಂದಿದ್ದೆ, ಸುಳ್ಳ್ ಯಾಕೆ ಹೇಳ್ಲಿ. ಆಮೇಲೆ ಇವನ ಮದ್ವೇಗೆ ಕರ್ಕೊಂಡ್ ಬಾ ಅಂದೆ. ಮಗು ಹುಟ್ಟಿದಾಗ್ಲೂ ಅಂದೆ. ನೀನೇ ಒಲ್ಲೆ ಅಂತೀಯಂತೆ. ನಮ್ಮ ಮೇಲೆ ಸಿಟ್ಟಂತೆ.”

ನಾನು ಗೌಡನ ಕಡೆ ತಿರುಗಿದೆ. ಅವನು ಟವೆಲನ್ನೇ ನೋಡುತ್ತಿದ್ದ. ಬಾಯಿಗೆ ಬಂದ ಬೈಗುಳವನ್ನು ಆ ಮಂಚದ ಮುಂದೆ ನುಂಗಿಕೊಂಡೆ. ಇಷ್ಟು ವರ್ಷ ತಾಯಿಯ ಹೆಸರು ಹೇಳಿಕೊಂಡು ಬಾಗಿಲು ಹಾಕಿದ್ದವನು ನಮ್ಮ ಜೊತೆ ಒಂದೇ ಬೆಂಚಿನಲ್ಲಿ ಕೂತು ಬಿ.ಎ. ಓದಿದ ಇವನು. ಥೂ ಅನ್ನಿಸಿತು.

“ಸಿಟ್ಟೇನಿಲ್ಲಮ್ಮ” ಎಂದ ಮೇಷ್ಟ್ರು. “ಬಿಡುವಾಗ್ಲಿಲ್ಲ.”

“ಬಾ ಮತ್ತೆ ಒಳಿಕ್ಕೆ. ಬಿಸ್ಲು.”

ಮೇಷ್ಟ್ರು ಗೌಡನನ್ನು ನೋಡಿದ. ಗೌಡ ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. “ಮಂಚ ಎತ್ರೋ, ಅಮ್ಮಂಗೆ ಬಿಸ್ಲು” ಎಂದ. ಈ ಸಲ ನಾಲ್ಕನೆಯ ಮೂಲೆಯನ್ನು ಮೇಷ್ಟ್ರು ಹಿಡಿದ. ಅಂಗಳ ದಾಟಿ ಜಗಲಿ ಹತ್ತಿದೆವು. ಮುಂದೆ ಹಿಡಿದಿದ್ದ ಗೌಡ ಹೊಸ್ತಿಲ ಹತ್ತಿರ ನಿಂತುಬಿಟ್ಟ. ಹಿಂದಕ್ಕೆ ತಿರುಗಲಿಲ್ಲ, ಹೆಂಡತಿಯನ್ನು ಕೂಗಿದ. ಅವಳು ಬಂದು ತಲೆ ತಗ್ಗಿಸಿಕೊಂಡೇ ಮೇಷ್ಟ್ರ ಮೂಲೆಗೆ ಕೈ ಹಾಕಿದಳು. ಮೇಷ್ಟ್ರು ಬಿಟ್ಟ.

ಒಳಗೆ ಮಂಚ ಇಳಿಸಿದೆವು. ಆಯಮ್ಮ ಕತ್ತು ಹೊರಳಿಸಿ ಹುಡುಕಿದಳು. “ಆ ಹುಡುಗ ಎಲ್ಲೋ?”

“ಹೋದ ಕಣಮ್ಮ” ಎಂದ ಗೌಡ. “ಚಿಂತಾಮಣಿ ಬಸ್ಸಿಗೆ ಹೊತ್ತಾಯ್ತಂತೆ.”

ಮೇಷ್ಟ್ರು ಜಗಲಿಯ ಮೇಲೇ ನಿಂತಿದ್ದ. ಅದನ್ನು ಕೇಳಿಸಿಕೊಂಡು ಚಪ್ಪಲಿ ಹಾಕಿಕೊಂಡ.