ಫಟಫಟಿಯ ಬಾಯಿ ಕಟ್ಟಿದ ಜಂಬಪ್ಪ

ಪೆದ್ದಕಡುಬೂರಿನ ಕಮ್ಮಾರ ಜಂಬಪ್ಪನಿಗೆ ಕಬ್ಬಿಣದ ಮೇಲೆ ಎಂದೂ ಸಿಟ್ಟು ಬಂದದ್ದಿಲ್ಲ. ಕಾಯಿಸಿದರೆ ಮೆತ್ತಗಾಗುತ್ತದೆ, ಬಡಿದರೆ ಬಾಗುತ್ತದೆ, ತಿರುಗಿ ಮಾತಾಡುವುದಿಲ್ಲ. ಅವನ ತಲೆ ಕೆಡಿಸುತ್ತಿದ್ದವರು ಕುಲುಮೆಗೆ ಬರುವ ಜನ. ಬಂಡಿಯ ಹಳಿ, ಕುಂಟೆಯ ಕುಡ, ಏನೇ ತಂದರೂ ಜೊತೆಗೊಂದು ಸಲಹೆ ಕಟ್ಟಿಕೊಂಡೇ ಬರುತ್ತಿದ್ದರು. ನಲವತ್ತು ವರ್ಷ ತಿದಿಯ ಮುಂದೆ ಕೂತು ಅವನ ಹುಬ್ಬು ಸುಟ್ಟುಹೋಗಿತ್ತು. ತಾಳ್ಮೆಯೂ ಅದರ ಜೊತೆಗೇ ಸುಟ್ಟಿತೆಂದು ಹೆಂಡತಿ ಶಂಕರಮ್ಮ ಹೇಳುತ್ತಿದ್ದಳು.

೧೯೩೮ರ ಹತ್ತಿ ಸುಗ್ಗಿಯಲ್ಲಿ ಉಳಿದಷ್ಟು ತಾಳ್ಮೆಯನ್ನೂ ತಿಂದದ್ದು ಫಟಫಟಿ. ಆದೋನಿಯ ಹತ್ತಿ ದಲ್ಲಾಳಿ ಸಿದ್ದಬಸಪ್ಪ ಹಳೆಯ ಮೋಟಾರ್ ಸೈಕಲ್ ಕೊಂಡು ವಾರಕ್ಕೆರಡು ಸಲ ಹಳ್ಳಿಗಳನ್ನು ಸುತ್ತುತ್ತಿದ್ದ. ಅದರ ಹೊಗೆ ಕೊಳವೆಯ ತುದಿಗಿದ್ದ ಡಬ್ಬಿ, ಸೈಲೆನ್ಸರ್ ಅನ್ನುವುದು, ತುಕ್ಕು ಹಿಡಿದು ಗೋನೆಗಂಡ್ಲದ ಹಾದಿಯಲ್ಲಿ ಕಳಚಿ ಬಿತ್ತು. ಅವನು ಅದನ್ನು ಚೀಲಕ್ಕೆ ಹಾಕಿಕೊಂಡು ಬೋಳು ಕೊಳವೆಯಲ್ಲೇ ಓಡಾಡತೊಡಗಿದ.

ಆ ಸದ್ದಿನ ಪೆಟ್ಟು ಬಿದ್ದದ್ದು ಉಚ್ಚಮ್ಮನಿಗೆ. ಗಂಡ ಸತ್ತ ಮೇಲೆ ಒಬ್ಬಳೇ ಕುರಿ ಸಾಕಿಕೊಂಡು ಬದುಕಿದವಳು. ಹಾದಿಯ ಪಕ್ಕದಲ್ಲೇ ಆಕೆಯ ಕುರಿದೊಡ್ಡಿ. ಆಗ ಹದಿನೆಂಟು ಕುರಿಗಳು ಗಬ್ಬವಾಗಿದ್ದವು. ಫಟಫಟಿ ಹಾಯ್ದಾಗಲೆಲ್ಲ ಬೆದರಿ ಒಂದರ ಮೇಲೊಂದು ಬಿದ್ದು, ಎರಡು ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಉಳಿದ ಹದಿನಾರಕ್ಕೆ ಇನ್ನೂ ತಿಂಗಳಿತ್ತು. ಆಕೆ ಬಂದು ಕುಲುಮೆಯ ಮುಂದೆ ಕೂತಳು.

"ಅಣ್ಣ, ಅದರ ಬಾಯಿ ಕಟ್ಟು. ನಿನ್ನ ಕೈಲೆ ಆಗೂದಿಲ್ಲಂದ್ರ ಆ ದಲ್ಲಾಳಿ ಬಾಯಿ ನಾನು ಕಟ್ತೀನಿ."

ಸಿದ್ದಬಸಪ್ಪನನ್ನು ಒಪ್ಪಿಸುವುದು ಇನ್ನೊಂದು ಗೋಳು. ಸದ್ದು ಹೋದರೆ ಗಾಡಿಯ ಜೋರೂ ಹೋಗುತ್ತದೆಂದು ಅವನ ನಂಬಿಕೆ. ಉಚ್ಚಮ್ಮ ಹಾದಿಗೆ ಜಾಲಿಮುಳ್ಳು ಎಳೆದು ಅಡ್ಡ ಕೂತ ಮೇಲೆಯೇ ಅವನು ಗಾಡಿಯನ್ನು ಕುಲುಮೆಗೆ ತಳ್ಳಿಕೊಂಡು ಬಂದದ್ದು.

ಉಪಾಯವನ್ನೂ ಉಚ್ಚಮ್ಮನೇ ಮಡಿಲಲ್ಲಿ ತಂದಿದ್ದಳು: ಒಂದು ಉಂಡೆ ಉಣ್ಣೆ. ಕಂಬಳಿ ಹೊದ್ದರೆ ಗುಡುಗೇ ಕೇಳುವುದಿಲ್ಲ, ಇದ್ಯಾವ ಲೆಕ್ಕ ಎಂದಳು. ಜಂಬಪ್ಪನಿಗೆ ಅರೆಮನಸ್ಸು. ಆದರೂ ಬೇರೆ ದಾರಿ ಕಾಣದೆ ಒಂದು ತಗಡಿನ ಡಬ್ಬಿಗೆ ಉಣ್ಣೆ ಗಿಡಿದು ಕೊಳವೆಗೆ ಬಿಗಿದ. ಊರು ದಾಟುವ ತನಕ ಫಟಫಟಿ ಬೆಕ್ಕಿನ ಹಾಗೆ ಹೋಯಿತು. ಆಮೇಲೆ ಕೂದಲು ಸುಟ್ಟ ನಾತ ಬಂತು. ಹೊಗೆಗೆ ದಾರಿ ಸಿಗದೆ ಎಂಜಿನ್ ಕೆಮ್ಮಿತು. ಸರಿಯಾಗಿ ದೊಡ್ಡಿಯ ಎದುರಿಗೇ ಡಬ್ಬಿ ಕೋವಿಯ ಗುಂಡಿನಂತೆ ಹಾರಿತು. ಕುರಿಗಳು ಬೇಲಿ ಕಿತ್ತುಕೊಂಡು ಓಡಿದವು. ಸಂಜೆಗೆ ಮೂರನೆಯದೂ ಕಂದು ಹಾಕಿತು.

ಊರೆಲ್ಲ ಬೈದದ್ದು ಜಂಬಪ್ಪನನ್ನೇ. ಉಣ್ಣೆಯ ಮಾತನ್ನು ಯಾರೂ ಎತ್ತಲಿಲ್ಲ. ಅವನು ಹಲ್ಲು ಕಚ್ಚಿಕೊಂಡು, ದಲ್ಲಾಳಿಯ ಚೀಲದಲ್ಲಿದ್ದ ಹಳೆಯ ಸೈಲೆನ್ಸರನ್ನು ಉಳಿಯಿಂದ ಸೀಳಿದ. ಒಳಗೆ ತುರುಕಿದ್ದು ಏನೂ ಇರಲಿಲ್ಲ. ಮೂರು ಅಡ್ಡ ತಗಡು, ತಗಡಿಗೆ ತೂತು. ಒಂದರ ತೂತಿನ ಎದುರಿಗೆ ಇನ್ನೊಂದರ ತೂತಿಲ್ಲ. ಎಷ್ಟು ತಿರುಗಿಸಿ ನೋಡಿದರೂ ಅದರ ಗುಟ್ಟು ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಬೇಲಿ ಕಟ್ಟಿಕೊಡಲು ಹೋದಾಗ ಹತ್ತಿತು. ಗಬ್ಬದ ಕುರಿಗಳಿಗೆ ಉಚ್ಚಮ್ಮ ನೇರವಾದ ಬಾಗಿಲು ಇಡುತ್ತಿರಲಿಲ್ಲ. ಒಂದರ ಹಿಂದೊಂದು ಮೂರು ಸಾಲು ಮುಳ್ಳುಬೇಲಿ. ಮೊದಲನೆಯದಕ್ಕೆ ಎಡಗಡೆ ಸಂದು, ಎರಡನೆಯದಕ್ಕೆ ಬಲಗಡೆ, ಮತ್ತೆ ಎಡಗಡೆ. ಮೊದಲ ಸಂದಿನಲ್ಲಿ ಒಮ್ಮೆಲೇ ನುಗ್ಗಿದ ಕುರಿಗಳು ತಿರುಗಿ, ತಡೆದು, ಮೂರನೆಯದರಲ್ಲಿ ಸಾಲಾಗಿ ಮೆಲ್ಲಗೆ ಹೊರಬಂದವು. ಎಂಜಿನ್ನಿನ ಒಂದೊಂದು ಹೊಡೆತಕ್ಕೂ ಬಿಸಿ ಹೊಗೆ ಹೀಗೆಯೇ ನುಗ್ಗುತ್ತದೆ. ಒಮ್ಮೆಲೇ ಹೊರಬಿದ್ದು ಗಾಳಿಯ ಕೆನ್ನೆಗೆ ಹೊಡೆದರೆ ಅದೇ ಸದ್ದು. ಅದನ್ನು ಮುಚ್ಚಬಾರದು, ಸುತ್ತಿಸಿ ಬಿಡಬೇಕು.

"ಉತ್ತರ ನಿನ್ನ ದೊಡ್ಡಿಯಾಗ ಇಟ್ಕೊಂಡು ನನ್ನ ಕೈಗೆ ಉಣ್ಣಿ ಕೊಟ್ಟಿಯಲ್ಲ ತಂಗಿ."

"ನೀನು ಕೇಳಿದ್ಯೇನು?" ಎಂದಳು ಉಚ್ಚಮ್ಮ.

ಹಳೆಯ ಎಣ್ಣೆ ಪೀಪಾಯಿಯ ತಗಡಿನಲ್ಲಿ ಜಂಬಪ್ಪ ಹೊಸ ಡಬ್ಬಿ ಮಾಡಿದ. ಆ ಬಿಸಿಗೆ ಸೀಸದ ಬೆಸುಗೆ ಕರಗುತ್ತದೆಂದು ರಿವೆಟ್ ಬಡಿದ. ಒಂದೊಂದು ತಗಡಿನ ತೂತುಗಳನ್ನೆಲ್ಲ ಕೂಡಿಸಿದರೆ ಕೊಳವೆಯ ಬಾಯಿಗಿಂತ ಕಡಿಮೆಯಾಗದಂತೆ ನೋಡಿಕೊಂಡ; ಕಡಿಮೆಯಾದರೆ ಮತ್ತೆ ಉಣ್ಣೆಯ ಕಥೆಯೇ. ಗಾಡಿ ದೊಡ್ಡಿಯ ಮುಂದೆ ಹಾಯ್ದಾಗ ಸದ್ದು ಪಕ್ಕದ ಮನೆಯ ಬೀಸುವ ಕಲ್ಲಿನಷ್ಟಿತ್ತು. ಕುರಿಗಳು ತಲೆ ಎತ್ತಿದವು, ಮತ್ತೆ ಮೇವಿಗೆ ಬಾಯಿ ಹಾಕಿದವು.

ಮೂರೇ ದಿನಕ್ಕೆ ಸಿದ್ದಬಸಪ್ಪ ತಿರುಗಿ ಬಂದ. ಜೋರು ಕಡಿಮೆಯಾಗಿರಲಿಲ್ಲ, ಅದನ್ನು ಅವನೇ ಒಪ್ಪಿದ. ಆದರೆ ತಾನು ಊರಿಗೆ ಬಂದದ್ದು ಯಾರಿಗೂ ಗೊತ್ತಾಗುತ್ತಿಲ್ಲ, ಒಬ್ಬರೂ ಕಟ್ಟೆಗೆ ಬಂದು ನಿಂತು ನೋಡುತ್ತಿಲ್ಲ, ಒಳಗಿನ ತಗಡು ತೆಗೆದುಬಿಡಬೇಕೆಂದ. ಜಂಬಪ್ಪ ಸುತ್ತಿಗೆ ಕೆಳಗಿಟ್ಟು ಹಣೆ ಒತ್ತಿಕೊಂಡ.

"ಕುರಿ ಈಯಲಿ, ಆಮ್ಯಾಗ ಬರ್ರಿ."

ಹದಿನೈದೂ ಈದವು. ಮರಿಗಳು ಮೇವು ಕಡಿಯುವ ಹೊತ್ತಿಗೆ ದಲ್ಲಾಳಿ ಮತ್ತೆ ಬಂದು ನಿಂತ. ಜಂಬಪ್ಪ ಕಬ್ಬಿಣ ಬಡಿಯುವ ಅಡಿಗಲ್ಲಿನಿಂದ ತಲೆ ಎತ್ತಲಿಲ್ಲ.

"ಉಚ್ಚಮ್ಮ ಟಗರು ಬಿಟ್ಟಾಳ್ರಿ. ಮತ್ತ ಗಬ್ಬ ಆಗ್ತಾವ. ಅವು ಈಯಲಿ, ಆಮ್ಯಾಗ ಬರ್ರಿ."

ಹಾಗೆಂದು, ಕಾದ ಕುಡವನ್ನು ಬಡಿಯುತ್ತ, ನೆಟ್ಟಗಿರುವುದನ್ನು ಕೆಡಿಸಿಕೊಡೆಂದು ಬರುವ ಜನರನ್ನೆಲ್ಲ ಬಹಳ ಹೊತ್ತು ಬೈದ. ದಲ್ಲಾಳಿ ಗಾಡಿ ಹತ್ತಿ ಎಂದೋ ಹೊರಟುಹೋಗಿದ್ದ. ಅದು ಹೋದದ್ದು ಜಂಬಪ್ಪನಿಗೆ ಕೇಳಿಸಿರಲೇ ಇಲ್ಲ.