ಓದಿ ಕೇಳಿಸದ ಅರ್ಜಿ

ಜಮಖಂಡಿಯಲ್ಲಿ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕೂತು ಇಪ್ಪತ್ತು ವರ್ಷ ಮಂದಿಯ ಅರ್ಜಿ ಬರೆದವನು ನಾನು. ಆಗ ಸಂಸ್ಥಾನದ ಕಾಲ. ನನ್ನ ಮುಂದೆ ಬರುತ್ತಿದ್ದವರ ಮಾತೆಲ್ಲ ಕನ್ನಡ, ಒಳಗೆ ಹೋಗಬೇಕಾದ ಕಾಗದ ಮರಾಠಿ. ನಡುವೆ ನಾನು, ನನ್ನ ಮಸಿಯ ದೌತಿ. ನನ್ನ ಅಕ್ಷರ ಕಂಡರೇ ಸಾಹೇಬರು ಅರ್ಧ ಕರಗುತ್ತಾರೆ ಎಂದು ಊರಲ್ಲಿ ಹೇಳುತ್ತಿದ್ದರು. ಹಾಗೆ ಮೊದಲು ಹೇಳಿದವನು ನಾನೇ ಇರಬೇಕು.

ಈ ಕೆಲಸ ನನಗೆ ಕಲಿಸಿದ ಮುದುಕರದೊಂದು ಪಾಠವಿತ್ತು: ಅರ್ಜಿ ಯಾವುದೇ ಇರಲಿ, ತಪ್ಪೊಪ್ಪಿಗೆಯಿಂದ ಶುರುವಾಗಬೇಕು. 'ಅಜ್ಞಾನದಿಂದ ಅಪರಾಧವಾಗಿದೆ, ಸರ್ಕಾರ ತಾಯಿತಂದೆ, ಹೊಟ್ಟೆಗೆ ಹಾಕಿಕೊಳ್ಳಬೇಕು' ಎಂಬ ಸಾಲು ಮೇಲಿರಬೇಕು. ಬಾವಿಯ ನೀರಿನಲ್ಲಿ ಪಾಲು ಕೇಳುವವನೂ ಮೊದಲು ತಪ್ಪಾಯಿತು ಅನ್ನಬೇಕು, ಕಳುವಾದ ಎಮ್ಮೆ ಹುಡುಕಿಸಿಕೊಡಿ ಅನ್ನುವವನೂ ತಪ್ಪಾಯಿತು ಅನ್ನಬೇಕು. ಕೊನೆಗೆ ಇನ್ನೊಂದು ಸಾಲು: 'ಅರ್ಜಿದಾರನಿಗೆ ಓದಿ ಕೇಳಿಸಿ, ಅವನು ಒಪ್ಪಿದ ಮೇಲೆ ಹೆಬ್ಬೆಟ್ಟು ಹಾಕಿಸಿದೆ.' ಈ ಸಾಲನ್ನು ನಾನು ಬೆಳಿಗ್ಗೆ ಬಂದ ಕೂಡಲೇ ಹತ್ತು ಹಾಳೆಗಳ ಬುಡದಲ್ಲಿ ಬರೆದಿಟ್ಟುಬಿಡುತ್ತಿದ್ದೆ. ಓದಿ ಕೇಳಿಸುವುದಕ್ಕೆ ಪುರಸತ್ತು ಯಾರಿಗಿತ್ತು? ಕೇಳಬೇಕೆಂದು ಯಾರೂ ಹಟ ಹಿಡಿಯುತ್ತಲೂ ಇರಲಿಲ್ಲ.

ದೊಡ್ಡ ಯುದ್ಧ ನಡೆದಿತ್ತು. ಪೆಟ್ರೋಲು ಸಿಗದೆ ಬಾಡಿಗೆ ಮೋಟಾರುಗಳೆಲ್ಲ ಇದ್ದಿಲಿನ ಮೇಲೆ ಓಡುತ್ತಿದ್ದವು. ಹಿಂದೆ ಒಂದು ದೊಡ್ಡ ಡಬ್ಬಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸನ್ನು ಕೊಳವೆಯಲ್ಲಿ ಮುಂದಿನ ಇಂಜಿನ್ನಿಗೆ ತರುತ್ತಿದ್ದರು. ಬನಹಟ್ಟಿಯಿಂದ ಜಮಖಂಡಿಗೆ ಅಂಥದೊಂದು ಮೋಟಾರು ಓಡಿಸುತ್ತಿದ್ದವನು ನೇಕಾರರ ಮನೆಯವನು. ಮಗ್ಗದಲ್ಲಿ ಕೂರುವುದು ಬೇಸರವೆಂದು ಅಣ್ಣನ ಮನೆ ಬಿಟ್ಟು ಮೋಟಾರು ಕಲಿತಿದ್ದ. ಆ ಲೈಸೆನ್ಸೇ ಅವನ ಆಸ್ತಿ. ಎಣ್ಣೆಬಟ್ಟೆಯಲ್ಲಿ ಸುತ್ತಿ ಎದೆಯ ಕಿಸೆಯಲ್ಲಿಟ್ಟುಕೊಂಡು, ಕೇಳದವರಿಗೂ ತೆಗೆದು ತೋರಿಸುತ್ತಿದ್ದ. ಸಂತೆಯ ದಿನ ಕೆಲಸ ಮುಗಿದ ಮೇಲೆ ಶೇಂದಿ ಕುಡಿಯುತ್ತಿದ್ದ. ಅದೂ ಊರಿಗೆಲ್ಲ ಗೊತ್ತಿತ್ತು.

ಒಂದು ಮಧ್ಯಾಹ್ನ ಅವನ ಮೋಟಾರು ಊರಬಾಗಿಲಿನ ಸುಂಕದ ನಾಕಾದ ಗೋಡೆಗೆ ಹೋಗಿ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕೆಳಗಿಳಿದವನು ತೂರಾಡಿದ, ವಾಂತಿ ಮಾಡಿದ, ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾರದೆ ನಿಂತ. ಕಣ್ಣು ಕೆಂಪಾಗಿದ್ದವು. ಕುಡಿದು ಗಾಡಿ ಓಡಿಸಿದನೆಂದು ಹಿಡಿದು ಕೂಡಿಹಾಕಿದರು, ಲೈಸೆನ್ಸು ಕಸಿದುಕೊಂಡರು. ಮರುದಿನ ಬಿಡುವಾಗ, ಹೇಳಿಕೊಳ್ಳುವುದಿದ್ದರೆ ಹತ್ತು ದಿನದೊಳಗೆ ಅರ್ಜಿ ಹಾಕು, ಸಾಹೇಬರು ಎದುರಿಗೆ ಕರೆಸಿ ಕೇಳುತ್ತಾರೆ ಎಂದು ಒಂದು ಚೀಟಿ ಕೊಟ್ಟರು.

ಆ ಚೀಟಿ ಹಿಡಿದು ಅವನು ನನ್ನ ಮುಂದೆ ಬಂದು ಕೂತ.

"ನಾ ಅವತ್ತ ಒಂದ ಹನಿ ಮುಟ್ಟಿಲ್ರಿ," ಅಂದ. "ಕೊಳವಿ ಎಲ್ಲೋ ಸೀಳಿತ್ತು. ಇದ್ದಲಿ ಗ್ಯಾಸು ಒಳಗ ತುಂಬಿ ತಲಿಗೇರ್ತು. ಸಾಹೇಬರ ಮುಂದ ನಿಂತು ಇಷ್ಟ ಹೇಳ್ಬೇಕಾಗೇತಿ. ಅದಕ್ಕೊಂದು ದಿನಾ ಕೊಡ್ರಿ ಅಂತ ಬರೀರಿ. ಮತ್ತೇನೂ ಬ್ಯಾಡ."

ನನಗೆ ಒಳಗೊಳಗೇ ನಗು. ಶೇಂದಿಯ ಅಮಲನ್ನು ಇದ್ದಿಲಿನ ತಲೆಗೆ ಕಟ್ಟುವವನನ್ನು ನಾನು ಅವತ್ತೇ ಮೊದಲು ನೋಡಿದ್ದು. "ನೀ ಸುಮ್ನಿರೋ ತಮ್ಮಾ. ಸಾಹೇಬರಿಗೆ ಹೆಂಗ ಹೇಳ್ಬೇಕು ಅನ್ನೂದು ನನಗ ಗೊತ್ತೈತಿ," ಅಂದೆ.

"ಏನ್ ಬರದ್ರಿ, ಒಮ್ಮಿ ಓದಿ ಹೇಳ್ರೆಲಾ," ಅಂದ ಅವನು.

ಅವನ ಹಿಂದೆ ನಾಲ್ಕು ಮಂದಿ ಕಾಯುತ್ತಿದ್ದರು. "ನಿನಗ ಛಲೋ ಆಗೂದನ್ನ ಬರದೇನಿ, ಒತ್ತು," ಎಂದು ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಒತ್ತಿದ.

ನಾನು ಬರೆದದ್ದು ನಮ್ಮ ಪದ್ಧತಿಯ ಪ್ರಕಾರವೇ. ಅಜ್ಞಾನದಿಂದ ಕುಡಿದು ಅಪರಾಧ ಮಾಡಿದ್ದೇನೆ, ಸರ್ಕಾರ ತಾಯಿತಂದೆ, ಲೈಸೆನ್ಸು ತಿರುಗಿ ಕೊಡಿಸಬೇಕು. ಎದುರಿಗೆ ಕರೆಸಿ ಕೇಳಬೇಕೆಂಬ ಮಾತನ್ನು ಬರೆಯಲೇ ಇಲ್ಲ. ಸಾಹೇಬರ ಎದುರು ವಾದಕ್ಕೆ ನಿಂತರೆ ಸಿಟ್ಟಾಗುತ್ತಾರೆ, ಕಾಲಿಗೆ ಬಿದ್ದರೆ ಕರಗುತ್ತಾರೆ ಎಂಬುದು ನನ್ನ ಲೆಕ್ಕ.

ಹತ್ತು ದಿನದ ಗಡುವು ದಾಟಿದ ಮೇಲೆ ಹುಕುಮು ಬಂತು. ಅರ್ಜಿದಾರನು ತಾನೇ ಒಪ್ಪಿಕೊಂಡಿರುವುದರಿಂದ ಕೇಳುವುದೇನೂ ಉಳಿದಿಲ್ಲ, ಲೈಸೆನ್ಸು ಕಾಯಮ್ಮಾಗಿ ರದ್ದು. ಕಚೇರಿಯದೇನೂ ತಪ್ಪಿರಲಿಲ್ಲ. ಕಾಗದದಲ್ಲಿ ಇದ್ದುದನ್ನು ಅವರು ಓದಿದರು, ಅಷ್ಟೇ. ಅವನು ಅವತ್ತು ನನ್ನ ಹತ್ತಿರ ಬರಲೂ ಇಲ್ಲ, ಹುಕುಮಿನ ಜೊತೆಗೆ ಕೊಟ್ಟ ಅರ್ಜಿಯ ನಕಲನ್ನು ಮಡಚಿಕೊಂಡು ಬನಹಟ್ಟಿಯ ಹಾದಿ ಹಿಡಿದ. ಕುಡುಕನಿಗೆ ಇದೇ ಬುದ್ಧಿ ಎಂದುಕೊಂಡು ನಾನು ಮುಂದಿನವನ ಅರ್ಜಿಗೆ ಕೈಹಾಕಿದೆ.

ಮೂರು ತಿಂಗಳಾಗಿರಬೇಕು. ಬನಹಟ್ಟಿಯಲ್ಲಿ ನೆಂಟರ ಮದುವೆ. ಅದೇ ಮೋಟಾರಿನಲ್ಲಿ ಹೊರಟೆ. ದೊಡ್ಡ ಮನುಷ್ಯನೆಂದು ಹೊಸ ಡ್ರೈವರು ನನ್ನನ್ನು ಮುಂದೆ, ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಚಳಿಗಾಳಿಗೆ ಎರಡೂ ಕಡೆ ತಾಡಪತ್ರಿ ಇಳಿಬಿಟ್ಟಿದ್ದರು. ಕಾಲ ಬುಡದಿಂದ ಬೆಚ್ಚಗೆ ಏನೋ ಮೇಲೇಳುತ್ತಿತ್ತು. ಮೊದಲು ಹಿತವೆನಿಸಿತು. ಅರ್ಧ ಹಾದಿಗೆ ತಲೆ ಸಿಡಿಯತೊಡಗಿತು. ಬನಹಟ್ಟಿಯಲ್ಲಿ ಇಳಿದಾಗ ಮೊಣಕಾಲು ನಿಲ್ಲಲಿಲ್ಲ. ಜರಿಯ ರುಮಾಲು ಒಂದು ಕಡೆ, ನಾನು ಒಂದು ಕಡೆ. ಎಲ್ಲರೆದುರು ವಾಂತಿ ಮಾಡಿಕೊಂಡೆ. ಡ್ರೈವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ.

ನೀರಿನ ಕೊಡ ಹೊತ್ತ ಹೆಂಗಸೊಬ್ಬಳು ನಿಂತು ನೋಡಿ, "ಹಾಡಹಗಲ ಕುಡದ ಬಂದಾನ ನೋಡಬೇ, ವಯಸ್ಸಿಗರೆ ನಾಚಿಕಿ ಬ್ಯಾಡೇನ," ಎಂದು ಜೊತೆಯವಳಿಗೆ ಹೇಳಿದಳು.

ಜನ್ಮದಲ್ಲಿ ಶೇಂದಿಯ ವಾಸನೆ ನೋಡಿದವನಲ್ಲ ನಾನು. ಇಲ್ಲವ್ವಾ, ಇದ್ದಿಲಿನ ಗ್ಯಾಸು ಎಂದು ಹೇಳಬೇಕು, ನಾಲಿಗೆ ಹೊರಳಲಿಲ್ಲ. ಅಲ್ಲೇ ಹಾದಿಬದಿಯ ಕಟ್ಟೆಯೊಂದರ ಮೇಲೆ ಕೂತಾಗ ನನಗೆ ಅವನ ನೆನಪಾಯಿತು. ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಆಮೇಲೆ ನಾನು ನನ್ನದೇ ಹೆಸರಿನಲ್ಲಿ ಎರಡು ಅರ್ಜಿ ಹಾಕಿದೆ, ಬರೆದವನ ತಪ್ಪು, ಬರೆಸಿದವನದಲ್ಲ ಎಂದು. ಎರಡೂ ಫಲಿಸಲಿಲ್ಲ. ಅವನು ಮತ್ತೆ ಮೋಟಾರು ಮುಟ್ಟಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅವತ್ತು ಮದುವೆಮನೆಗೆ ಹೋಗದೆ ಅವನ ಅಣ್ಣನ ಮನೆ ಕೇಳಿಕೊಂಡು ಹೋದೆ. ಅವನು ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದ. ನನ್ನನ್ನು ಕಂಡು ಲಾಳಿ ನಿಲ್ಲಿಸಿದ. "ಬರ್ರಿ, ಕುಂದರ್ರಿ," ಅಂದ.

ನಡೆದದ್ದನ್ನೆಲ್ಲ ಹೇಳಿದೆ. "ನೀ ಹೇಳಿದ್ದು ಖರೆ ಇತ್ತೋ ತಮ್ಮಾ. ನಾನ ಸಾಕ್ಷಿ ನಿಲ್ತೀನಿ. ಮತ್ತೊಂದು ಅರ್ಜಿ ಬರೀತೀನಿ," ಅಂದೆ.

ಅವನು ಸಿಟ್ಟಾಗಲಿಲ್ಲ. ಎದ್ದುಹೋಗಿ ಗೋಡೆಯ ಮಾಡದಿಂದ ಎಣ್ಣೆಬಟ್ಟೆಯ ಸುರುಳಿ ತಂದ. ಲೈಸೆನ್ಸು ಇರುತ್ತಿದ್ದ ಬಟ್ಟೆ. ಅದರೊಳಗೆ ಈಗ ನನ್ನ ಅರ್ಜಿಯ ನಕಲು.

"ಸಾಲಿ ಮಾಸ್ತರು ಓದಿ ಹೇಳ್ಯಾರ್ರಿ, ಏನೈತಿ ಅಂತ ಗೊತ್ತೈತಿ," ಅಂದ. "ಆದ್ರೂ ನೀವ ಒಮ್ಮಿ ಓದ್ರಿ. ಕನ್ನಡದಾಗ."

ಓದಿದೆ. 'ನಾನು ಅಜ್ಞಾನದಿಂದ ಕುಡಿದು' ಅನ್ನುವಲ್ಲಿ ನಿಲ್ಲಿಸಿ ಅವನ ಕಡೆ ನೋಡಿದೆ. ಅವನು ಕಾದ. ಮತ್ತೆ ಶುರು ಮಾಡಿ ಒಂದೊಂದೇ ಮಾತು ಕನ್ನಡಕ್ಕೆ ತಿರುಗಿಸುತ್ತ ಕೊನೆಯ ತನಕ ಓದಿದೆ: ಅರ್ಜಿದಾರನಿಗೆ ಓದಿ ಕೇಳಿಸಿ, ಅವನು ಒಪ್ಪಿದ ಮೇಲೆ ಹೆಬ್ಬೆಟ್ಟು ಹಾಕಿಸಿದೆ.

ಅವನು ಕಾಗದ ಇಸಿದುಕೊಂಡು ಮೊದಲಿನಂತೆಯೇ ಸುತ್ತಿದ.

"ಓದಿ ಕೇಳಿಸಿದ್ರಿ," ಅಂದ. "ಅದೊಂದು ಮಾತರೆ ಇವತ್ತ ಖರೆ ಆತು."

ಮತ್ತೆ ಗುಣಿಗಿಳಿದು ಲಾಳಿ ಕೈಗೆತ್ತಿಕೊಂಡ.